ಚಂಪಾಬಾಯಿ ಕೊಡದ ಐದನೇ ಚುಕ್ಕಿ

ಮೊನ್ನೆ ನನ್ನ ಮೊಮ್ಮಗಳು ರೂಪಾ ಕರೀ ಗೌನು ಹಾಕ್ಕೊಂಡು, ತಲಿ ಮ್ಯಾಲ ಚಪ್ಪಟೆ ಟೊಪಿಗಿ ಇಟ್ಟಕೊಂಡು ವೇದಿಕಿ ಹತ್ತಿ ಪದವಿ ತಗೊಂಡಳು. ನಮ್ಮ ಮನಿತನದಾಗ ಅಂಥಾ ಟೊಪಿಗಿ ಹಾಕಿದವರು ಗಂಡಸರಾಗೂ ಇಲ್ಲ, ಹೆಂಗಸರಾಗೂ ಇಲ್ಲ. ಅದಕ್ಕೊಂದು ಗೊಂಡೆ ಬ್ಯಾರೆ ಜೋತಾಡತಿತ್ತು, ಕಾರಹುಣ್ಣಿವಿಗೆ ಎತ್ತಿನ ಕೊಂಬಿಗೆ ಕಟ್ಟತೀವಲ್ಲ ಹಂಗ. ನೋಡಿ ನಗು ಬಂತು, ಅಳು ಬಂತು, ಎರಡೂ ಕೂಡೇ ಬಂದವು. ಬಾಜೂ ಖುರ್ಚಿಯವರು ನೀರಿನ ಬಾಟಲಿ ಕೈಗೆ ಕೊಟ್ಟು, "ಅಳಬ್ಯಾಡ್ರಿ ಅಮ್ಮಾ" ಅಂದರು. "ಅಳಾಕತ್ತಿಲ್ಲರಿ ಯಪ್ಪಾ, ಉಕ್ಕಿ ಬರಾಕತ್ತೈತಿ. ಹಾಲು ಉಕ್ಕಿದಾಗ ಯಾರರ ಅಳಬ್ಯಾಡ ಅಂತಾರೇನ್ರಿ?" ಅಂದೆ.

ಕಾರ್ಯಕ್ರಮ ಮುಗಿಸಿ ಹೊರಗ ಬಂದೆ. ಮಳಿ ಬಂದು ಆಗಷ್ಟೇ ನಿಂತಿತ್ತು. ಮಂದಿ ಎಲ್ಲಾ ಫೋಟೋ ತಗಿಸಿಕೊಳ್ಳೋ ಗದ್ದಲದಾಗ ಇದ್ದರು. ಆವಾಗ ಸಭಾಭವನದ ಹಿಂದಿನಿಂದ ತಣ್ಣನ್ನ ಗಾಳಿ ಬೀಸಿತು. ಆ ಗಾಳಿಯೊಳಗ ಹುರಿದ ಶೇಂಗಾದ ವಾಸನಿ ಇತ್ತು. ಅದರ ಬೆನ್ನಿಗೇ ಹಂಚಿನ ಮ್ಯಾಲ ಉಬ್ಬೋ ಜ್ವಾಳದ ರೊಟ್ಟಿ ವಾಸನಿ. ನನ್ನ ಕಾಲು ತಾವ ಆ ಕಡೆ ತಿರುಗಿದವು. ಅದು ಕ್ಯಾಂಟೀನು. ಅಲ್ಲಿ ಉರಿಯೋದು ನನ್ನ ಒಲಿ. ಮೊಣಕಾಲು ಮುಷ್ಕರ ಹೂಡಿದವು ಅಂತ ಅದನ್ನ ಸೊಸಿ ಮಾದೇವಿ ಕೈಗೆ ಕೊಟ್ಟು ನಾ ನಮ್ಮೂರು ಅನಂತಪುರಕ್ಕ ಹೋಗಿ ಕುಂತೇನಿ. ಆದ್ರ ವಾಸನಿ ಕೇಳಬೇಕಲ್ಲ? ಎರಡು ವರ್ಷದ ಹಿಂದಿನ ಮಳಗಾಲಾನ ಎತ್ತಿ ತಂದು ನನ್ನ ಮುಂದ ಇಟ್ಟಬಿಟ್ಟಿತು.

ಚಿಕ್ಕೋಡಿ ಬಿಟ್ಟು ನಿಪ್ಪಾಣಿ ಕಡೆ ಹೋಗೋ ರಸ್ತೆದಾಗ, ಕಬ್ಬಿನ ಹೊಲ ಮುಗಿದು ಗುಡ್ಡ ಸುರು ಆಗೋವಲ್ಲೆ ಈ ಯುನಿವರ್ಸಿಟಿ ಐತಿ. ರೂಪಾ ನನ್ನ ಮಗಳ ಮಗಳು. ಅವರಪ್ಪ ಉಗಾರದಾಗ ಸಕ್ಕರಿ ಕಾರ್ಖಾನಿ ನೌಕರಿ. ಆಕಿ ಇಲ್ಲಿ ಬಿ.ಕಾಂ.ಗೆ ಸೇರಿದ ವರ್ಷಾನ ಕ್ಯಾಂಟೀನಿಗೆ ರೊಟ್ಟಿ ಬಡಿಯೋರು ಬೇಕಾಗ್ಯಾರಂತ ಸುದ್ದಿ ಬಂತು. ನಾನೂ ಮಾದೇವಿನೂ ಗಂಟುಮೂಟಿ ಕಟ್ಟಕೊಂಡು ಬಂದಿವಿ. ಕ್ಯಾಂಟೀನಿನ ಹಿಂದೊಂದು ಖೋಲಿ ಕೊಟ್ಟರು. ರೂಪಾ ಇರೋದು ಹಾಸ್ಟೇಲಿನಾಗ. ಆದ್ರ ಮುಂಜಾನೆ, ಮಧ್ಯಾಹ್ನ, ರಾತ್ರಿ ನನ್ನ ಒಲಿ ಮುಂದನ ಬಂದು ತಾಟು ಹಿಡೀತಿದ್ದಳು. ಮೊಮ್ಮಗಳು ಕಣ್ಣ ಮುಂದ ಉಂಡು ಕೈ ತೊಳಕೊಂಡು ಹೋಗೋದನ್ನ ನೋಡೋದು ಅಂದ್ರ ಏನಂತ ಮೊಮ್ಮಕ್ಕಳು ಇದ್ದವರಿಗೇ ಗೊತ್ತು. ಅದಕ್ಕ ನಾ ಆ ಒಲಿ ಹಿಡಕೊಂಡು ಕುಂತಿದ್ದೆ.

ಮತ್ತ ಚಂಪಾಬಾಯಿ ಇದ್ದಳು.

ಕ್ಯಾಂಟೀನಿನ ಗ್ವಾಡಿಗೆ ಹತ್ತೇ ಯುನಿವರ್ಸಿಟಿ ಅಂಗಡಿ. ಪೆನ್ನು, ಪುಸ್ತಕ, ಸಾಬಾಣ, ಬಿಸ್ಕೀಟು ಮಾರೋ ಅಂಗಡಿ. ಅದನ್ನ ನಡಸಾಕಿ ಚಂಪಾಬಾಯಿ, ಬೇಡಕಿಹಾಳದ ಜೈನರ ಮನಿ ಹೆಣಮಗಳು. ದಿನಾ ಬಸ್ಸಿಗೆ ಬಂದು ಬಸ್ಸಿಗೆ ಹೋಗಾಕಿ. ವಯಸ್ಸಿನಾಗ ನಂಗೂ ಆಕಿಗೂ ಫರಕ ಇಲ್ಲ. ಆದ್ರ ಹುಡುಗರು ನನಗ "ರೊಟ್ಟಿ ಆಯಿ" ಅಂತಿದ್ದರು, ಆಕಿಗೆ "ಮಾವಶಿ". ನಾ ಅಜ್ಜಿ, ಆಕಿ ಚಿಕ್ಕಮ್ಮ! ನನ್ನ ಕೂದಲ ಒಲಿ ಹೊಗಿಗೆ ಬೆಳ್ಳಗಾದವು, ಆಕಿ ಕೂದಲಕ್ಕ ಹೊಗಿ ಎಲ್ಲಿಂದ ಬರಬೇಕು? ಇಸ್ತ್ರಿ ಮಾಡಿದ ಸೀರಿ ಉಟ್ಟು, ಕಿಡಿಕ್ಯಾಗ ಕುಂತು, ಮರಾಠಿ ಮಾತಾಡೋರಿಗೆ ಮರಾಠಿ, ಕನ್ನಡ ಮಾತಾಡೋರಿಗೆ ಕನ್ನಡ ಮಾತಾಡಕೋತ ಇರತಿದ್ದಳು. ಒಂದು ಪೆನ್ನು ತಗೊಳ್ಳಾಕ ಬಂದವರು ಅರ್ಧಾ ತಾಸು ಅಲ್ಲೇ ನಿಂದರತಿದ್ದರು. ನನ್ನ ರೂಪಾನೂ ನಿಂದರತಿದ್ದಳು. ಅದು ನನ್ನ ಹೊಟ್ಟ್ಯಾಗ ಹಸಿ ಮೆಣಸಿನಕಾಯಿ ಅರದಂಗ ಆಗತಿತ್ತು.

ಮರುವರ್ಷ ಮಳಗಾಲ ಹಿಡಿಯೋ ಹೊತ್ತಿಗೆ ಗ್ವಾಡಿ ಮ್ಯಾಲ ಒಂದು ಕಾಗದ ಅಂಟಿಸಿದರು. ಅದರಾಗ ಕೆಟ್ಟ ರಂಗೋಲಿಯಂಗ ಕರೀ ಚೌಕಳಿ. ಮೊಬೈಲು ಅದರ ಮುಂದ ಹಿಡದ್ರ ಸಾಕು, ಊಟ ಹೆಂಗಿತ್ತು, ನೀಡಿದವರು ಹೆಂಗ ಮಾತಾಡಿದರು, ಅಂಗಡಿ ಹೆಂಗೈತಿ ಅಂತೆಲ್ಲಾ ಕೇಳತಿತ್ತಂತ. ಅದಕ್ಕ ಹುಡುಗರು ಚುಕ್ಕಿ ಒತ್ತಬೇಕು. ಐದು ಚುಕ್ಕಿ ಅಂದ್ರ ಬೆಸ್ಟು, ಒಂದು ಚುಕ್ಕಿ ಅಂದ್ರ ಮಾನ ಹೋದಂಗ. ಎರಡು ಮಾತು ಬರೀಬಹುದು ಕೂಡ.

ಕ್ಯಾಂಟೀನು, ಅಂಗಡಿ ಎರಡಕ್ಕೂ ಮ್ಯಾನೇಜರು ಪಾಟೀಲ ಸರ್. ಮೆತ್ತಗಿನ ಮನಶ್ಯಾ, ಕಡಿಗೆ ಬಂದಾಗಷ್ಟೇ ಗಟ್ಟಿ ಮಾತು ಆಡಾಂವ. ಅವರು ನಮ್ಮನ್ನ ಕರದು ಹೇಳಿದರು, "ನೋಡ್ರಿ ಶಾಂತವ್ವಾರ, ಊಟದ ಬಗ್ಗೆ ದೂರು ಬಾಳ ಬರಾಕತ್ತಾವ. ಬೆಳಗಾಂವದ ಕಂಪನಿಯವರು ಡಬ್ಯಾಗ ಊಟಾ ತಂದು ಕೊಡತೀವಿ ಅಂತ ಮ್ಯಾಲಿನವರ ಬೆನ್ನ ಹತ್ಯಾರ. ದಸರೆ ತನಕಾ ಚುಕ್ಕಿ ನೋಡತೀವಿ. ಸುಧಾರಿಸಿದ್ರ ಒಲಿ ಇಲ್ಲೇ ಇರತೈತಿ."

"ಇಲ್ಲಂದ್ರರಿ?"

ಅವರು ಮೂಗಿನ ಮ್ಯಾಲಿನ ಚಾಳೀಸು ತಗದು ಒರಿಸಿಕೊಂಡರು. ಇಲ್ಲಂದ್ರ ಒಲಿ ಆರತೈತಿ. ನಾ ಅನಂತಪುರಕ್ಕ, ರೂಪಾ ಇಲ್ಲೇ. ಮತ್ತ ಆಕೀನ ನೋಡೋದು ಹಬ್ಬಕ್ಕ ಹುಣ್ಣಿವಿಗೆ.

"ಅಂಗಡಿದೂ ನೋಡತೀರೇನ್ರಿ?" ಅಂತ ಕೇಳದ ಇರಾಕ ಆಗಲಿಲ್ಲ.

"ಅಂಗಡಿದು ಚಲೋನ ಐತಿರಿ" ಅಂದರು ಪಾಟೀಲ ಸರ್. ಆ ಮಾತಿಗೆ ನನ್ನ ಊಟಾನ ಹೋತು.

ಅವತ್ತ ಸಂಜಿಮುಂದ ರೂಪಾಗ, "ಓದಿ ಹೇಳ ಬೇ, ನನ್ನ ಬಗ್ಗೆ ಏನೇನ ಬರದಾರ" ಅಂತ ಗಂಟ ಬಿದ್ದೆ. ಆಕಿ ಮೊಬೈಲ ತಗದಳು, ಬಾಯಿ ಮಾತ್ರ ತಗೀವಲ್ಲಳು.

"ಬ್ಯಾಡ ಆಯಿ, ನೀ ಸಿಟ್ಟಾಗತಿ."

"ಸಿಟ್ಟು ಯಾರಿಗೆ? ಓದು!"

"'ರೊಟ್ಟಿ ಮಸ್ತ. ಆದ್ರ ಆಯಿ ಬೈತಾಳ.' ಎರಡು ಚುಕ್ಕಿ."

"ಬೈಯೂದು ಪುಕ್ಕಟೆ ಐತಿ, ಅದಕ್ಕ ಯಾಕ ಚುಕ್ಕಿ ಕಡೀಬೇಕ? ಮುಂದಿಂದು?"

"'ಸಾಕು ಅಂದ್ರೂ ಒತ್ತಿ ನೀಡತಾರ. ನಾ ಯಾರ ಮದವಿಗೂ ಬಂದಿಲ್ಲ.' ಎರಡು."

"ಸಾಕು ಅಂದ ಕೂಡ್ಲೆ ಬಿಟ್ಟಬಿಡೂದು ಯಾವ ಊರಾನ ರೀತಿ? ಸಾಕು ಅನ್ನೂದು ಉಣ್ಣವರ ಧರ್ಮ, ಇನ್ನೊಂದು ಅನ್ನೂದು ನೀಡವರ ಧರ್ಮ. ಮುಂದ?"

"ಮುಂದಿಂದೆಲ್ಲಾ ಅಂಗಡಿದು, ಬಿಡು."

"ಓದಂದೆ!"

"'ಮಾವಶಿ ಹೆಸರು ಹಿಡದು ಕರೀತಾಳ.' ಐದು. 'ಪರೀಕ್ಷೆ ಹೆಂಗಾತು ಅಂತ ಕೇಳತಾಳ.' ಐದು. 'ಮಾವಶಿ ನಕ್ಕರ ಮನಿ ನೆನಪಾಗತೈತಿ.' ಐದು."

ನಕ್ಕರ ಐದು ಚುಕ್ಕಿ! ನಾ ಹಿಟ್ಟು ನಾದಿ, ಬಡದು, ಬೇಯಿಸಿ, ಕೈ ಸುಟ್ಟುಕೊಂಡು ಎರಡು. ಆಕಿ ಹಲ್ಲು ಕಿಸದು ಐದು. ಮಾದೇವಿ ಹಿಂದ ಪಾತೇಲಿ ತಿಕ್ಕಕೋತ ಮುಸುಮುಸು ನಗಾಕತ್ತಿದ್ದಳು. ಆಕೀನೂ ಬೈದೆ.

ಮರುದಿನ ನಾನೂ ನಗಬೇಕಂತ ಗಟ್ಟಿ ಮಾಡಿದೆ. ಅದೇನ ದೊಡ್ಡ ವಿದ್ಯಾ ಅಲ್ಲಲ್ಲ. ಮಧ್ಯಾಹ್ನದ ಪಾಳಿ ಬಂತು. ಮೊದಲು ಬಂದಾಂವ ರಾಯಬಾಗದ ಹುಡುಗ, ದಿನಾ ನನ್ನ ಕಡಿಂದ ಬೈಸಿಕೊಳ್ಳಾಂವ. ಅಂವಗ ಹಲ್ಲು ಕಾಣೋ ಹಂಗ ನಕ್ಕು, "ಬಾರಪ್ಪಾ ರಾಜಾ, ಪರೀಕ್ಷೆ ಹೆಂಗಾತು? ಎಷ್ಟು ರೊಟ್ಟಿ ನೀಡಲಿ?" ಅಂದೆ. ಅಂವ ತಾಟು ಹಿಡಕೊಂಡು ಎರಡು ಹೆಜ್ಜಿ ಹಿಂದ ಸರದ.

"ಆಯೀ, ಆರಾಮ ಅದಿಯಿಲ್ಲೋ?" ಅಂದ. ಹಿಂದಿನವರಿಗೆ ತಿರುಗಿ, "ಏ, ಆಯಿಗೆ ಏನೋ ಆಗೈತಲೇ, ಪಾಟೀಲ ಸರಗ ಕರೀರಿ" ಅಂತ ಒದರಿದ.

"ಏನೂ ಆಗಿಲ್ಲೋ ಮಂಗ್ಯಾ! ತಾಟ ಹಿಡಿ ಸುಮ್ಮನ!" ಅಂದೆ.

"ಹಾಂ, ಆರಾಮ ಅದಾಳ" ಅಂತ ನಿರಾಳಾಗಿ ತಾಟ ಹಿಡದ. ಪಾಳಿ ಪಾಳಿನ ನಕ್ಕಿತು. ಗ್ವಾಡಿ ಆಚೆ ಕಿಡಿಕಿಯಿಂದ ಇನ್ನೊಂದು ನಗಿ ಕೇಳಿಸಿತು. ಅದು ಯಾರದಂತ ಹೇಳಬೇಕಿಲ್ಲ.

ಶ್ರಾವಣ ಬಂತು. ಮಳಿ ಎಂಥಾದ್ದು ಅಂತೀರಿ. ದೂಧಗಂಗಾ ತುಂಬಿ ಹರದು, ಬಸ್ಸು ಹೊತ್ತಿಗೆ ಸರಿಯಾಗಿ ಬರೋದು ಬಿಟ್ಟವು. ಕಟಿಗಿ ಹಸಿ, ಜ್ವಾಳ ಹಸಿ, ಗ್ವಾಡಿ ಕೂಡ ಹಸಿ. ಅಂಥಾದ್ರಾಗ ಒಂದು ವಿಚಿತ್ರ ನೋಡಿದೆ. ಸಂಜಿ ಊಟಕ್ಕ ಹುಡುಗ್ಯಾರು ಕಮ್ಮಿ ಆಗಾಕತ್ತಿದ್ದರು. ಹಾಸ್ಟೇಲಿನ ನೇಮದಂಗ ನಾವು ಸಂಜಿ ಊಟ ಸುರು ಮಾಡೋದು ದೀಪಾ ಹಚ್ಚಿದ ಮ್ಯಾಲ, ಏಳೂವರಿಗೆ. ಮಧ್ಯಾಹ್ನ ಬಂದು ಉಂಡ ಹುಡುಗ್ಯಾರು ಸಂಜಿಕ್ಕ ಮುಖಾನ ತೋರಿಸವಲ್ಲರು. ಮಾದೇವಿ, "ಅತ್ತೀ, ಆ ಹುಡುಗ್ಯಾರು ಅಂಗಡಿ ಹಿಂದ ಹೋಗೂದ ನೋಡಿದೆ. ದಿನಾ ಹೊತ್ತ ಇಳಿಯೋ ಟೈಮಿಗೆ. ಕೈಯಾಗ ಡಬ್ಬಿ ಇರತಾವ" ಅಂದಳು.

ತಿಳೀತು ನನಗ! ಪೆನ್ನು ಮಾರಿದ್ದು ಸಾಲಲಿಲ್ಲ, ಈಗ ಊಟಾನೂ ಸುರು ಮಾಡ್ಯಾಳ. ಅಂಗಡ್ಯಾಗ ಒಲಿ ಹಚ್ಚಾಕ ಪರವಾನಗಿ ಇಲ್ಲ. ಕದ್ದು ಅಡಗಿ ಮಾಡಿ ನನ್ನ ಗಿರಾಕಿ ಒಯ್ಯಾಕತ್ತಾಳ. ದಸರೆಗೆ ನನ್ನ ಒಲಿ ಆರಿಸಿ, ಇಡೀ ಜಾಗಾನ ತಾ ಹಿಡೀಬೇಕಂತ ಹೂಡ್ಯಾಳ. ಹೊಟ್ಟಿಕಿಚ್ಚಿಗೆ ಕಟಿಗಿ ಹಾಕೋದ ಬ್ಯಾಡ ನೋಡ್ರಿ, ಹಸೀ ಮಳ್ಯಾಗೂ ಧಗಧಗ ಉರೀತೈತಿ.

ಮರುದಿನ ಸಂಜಿಮುಂದ ಗೊಬ್ಬರದ ಚೀಲದ ಕೊಪ್ಪಿ ತಲಿಗೆ ಹಾಕ್ಕೊಂಡು, ಕೆಸರಾಗ ಚಪ್ಪಲಿ ಕೈಯಾಗ ಹಿಡಕೊಂಡು ಅಂಗಡಿ ಹಿಂದ ಹೋದೆ. ತಗಡಿನ ಚಪ್ಪರದ ಕೆಳಗ ಕಟ್ಟಿ ಮ್ಯಾಲ ಹುಡುಗ್ಯಾರು ಸಾಲಾಗಿ ಕುಂತಿದ್ದರು. ನಟ್ಟ ನಡುವ ಯಾರು ಅಂತೀರಿ? ನನ್ನ ರೂಪಾ. ಚಂಪಾಬಾಯಿ ಬಾಜೂಕ, ಆಕಿ ಹೆಗಲಿಗೆ ಹೆಗಲು ಹಚ್ಚಿ.

ನನ್ನ ಕಣ್ಣಿಗೆ ಬ್ಯಾರೆ ಏನೂ ಕಾಣಲಿಲ್ಲ.

"ಏನ್ರಿ ಚಂಪಾಬಾಯಾರ, ಅಂಗಡಿ ನಡಸಾಕತ್ತೀರೋ, ಖಾನಾವಳಿ ಇಟ್ಟೀರೋ?"

ಆಕಿ ಬೆಚ್ಚಲಿಲ್ಲ. "ಬರ್ರಿ ಶಾಂತವ್ವಾರ, ಕುಂದರ್ರಿ. ಚುರುಮುರಿ ತಗೋರಿ" ಅಂದಳು.

"ಚುರುಮುರಿ ತಿನ್ನಾಕ ಬಂದಿಲ್ಲ. ನನ್ನ ಹುಡುಗ್ಯಾರನ್ನ ಕರಕೊಂಡು ಹೋಗಾಕ ಬಂದೇನಿ."

"ನಿಮ್ಮ ಹುಡುಗ್ಯಾರು? ಯಾವಾಗಿಂದರಿ?"

ನಾ ಬಾಯಿ ತಗಿಯೋದ್ರೊಳಗ ಕಾಗವಾಡದ ಹುಡುಗಿ ಪದ್ಮಾ ಎದ್ದು ನಿಂತಳು. "ಆಯಿ, ನಮಗ ಈಗ ಚಾತುರ್ಮಾಸರಿ. ಹೊತ್ತ ಮುಳುಗಿದ ಮ್ಯಾಲ ಉಣ್ಣಂಗಿಲ್ಲ. ನೀವು ನೀಡೂದರ ರಾತ್ರಿ ಆದ ಮ್ಯಾಲ. ಮತ್ತ ಎಲ್ಲಾದಕ್ಕೂ ಉಳ್ಳಾಗಡ್ಡಿ, ಬಳ್ಳೊಳ್ಳಿ ಇರತೈತಿ. ಅದಕ್ಕ ಇಲ್ಲೇ ಇದ್ದದ್ದು ತಿಂದು ನೀರು ಕುಡೀತೇವಿ."

ಆವಾಗ ಕಂಡಿತು. ಒಲಿ ಇಲ್ಲ, ಪಾತೇಲಿ ಇಲ್ಲ. ಒಂದು ಕಾಳು ಕೇರೋ ಮರದಾಗ ಚುರುಮುರಿ, ಬಾಳಿಹಣ್ಣು, ಮನಿಯಿಂದ ತಂದ ಖಡಕ್ ರೊಟ್ಟಿ ಚೂರು. ಕರೆಂಟಿನ ಕಿಟ್ಲ್ಯಾಗ ಕಾಸಿದ ನೀರು. ನಮ್ಮೂರಾಗೂ ಜೈನರ ಮನಿ ಬೇಕಾದಷ್ಟು ಅದಾವ. ಹೊತ್ತು ಮುಳುಗೋದ್ರೊಳಗ ಅವರು ಉಂಡು ಬಾಯಿ ತೊಳಕೊಳ್ಳೋದನ್ನ ಹುಟ್ಟಿದಾಗಿಂದ ನೋಡೇನಿ. ಆದ್ರ ಮೊಬೈಲ ಹಿಡಕೊಂಡು ಜೀನ್ಸ್ ಹಾಕ್ಕೊಂಡು ತಿರಗೋ ಈ ಹುಡುಗ್ಯಾರು ಹಾಸ್ಟೇಲಿನಾಗೂ ಆ ನೇಮ ಹಿಡದಿರತಾರ ಅಂತ ನನ್ನ ತಲಿಗೆ ಹೊಳದಿರಲಿಲ್ಲ.

"ಮತ್ತ ಅದನ್ನ ಮೊಬೈಲದಾಗ ಯಾಕ ಬರೀಲಿಲ್ಲ ನೀವು?" ಅಂದೆ.

"ಅದು ಊಟಾ ಹೆಂಗಿತ್ತು ಅಂತ ಕೇಳತೈತಿರಿ. ನಾವು ಉಂಡೇ ಇಲ್ಲ. ಏನಂತ ಚುಕ್ಕಿ ಕೊಡೂದು?"

ರೂಪಾನ ಕಡೆ ತಿರುಗಿದೆ. "ನಿನಗ ಗೊತ್ತಿತ್ತೇನ?"

"ಗೊತ್ತಿತ್ತು ಆಯಿ. ಹೇಳಿದ್ರ ನೀ ಮಾವಶಿ ಕೂಡ ಜಗಳಾ ತಗೀತಿದ್ದಿ."

"ನಾ ಯಾಕ ಜಗಳಾ ತಗೀಲಿ!" ಅಂತ ಒದರಿದೆ. ಹುಡುಗ್ಯಾರೆಲ್ಲಾ ತಲಿ ಕೆಳಗ ಹಾಕಿ ನಕ್ಕರು.

ಚಂಪಾಬಾಯಿ ಮಾತ್ರ ನಗಲಿಲ್ಲ. ಆಕಿ ಒಂದು ಖಡಕ್ ರೊಟ್ಟಿ ಚೂರು ಮುರದು, ಆ ಬಿಸಿನೀರಾಗ ಅದ್ದಿ, ಮೆತ್ತಗಾಗೋತನಕ ಕಾದು ಬಾಯಿಗೆ ಹಾಕ್ಕೊಂಡಳು. ಹಲ್ಲು ಹೋದವರ ಅಗಿಯೋ ರೀತಿ ಅದು. ಮ್ಯಾಲ ಮುಗಲು ನೋಡಿದಳು, ಇನ್ನೊಂದು ಚೂರು ಅದ್ದಿದಳು. ಆಕಿ ಬಸ್ಸು ಊರು ಮುಟ್ಟೋದು ಕತ್ತಲಾದ ಮ್ಯಾಲ. ಮನ್ಯಾಗ ಏನಿದ್ದರೂ ಆಕಿಗೆ ಉಪಯೋಗ ಇಲ್ಲ. ಚಾತುರ್ಮಾಸ ಹಿಡದಾಗಿಂದ ಈಕಿ ಸಂಜಿ ಊಟ ಇದು. ಗ್ವಾಡಿ ಈಚೆ ನಾನು ರೊಟ್ಟಿ ಬಡಿಯಾಕ ಹಿಟ್ಟು ಕಲಸತಿದ್ದೆ, ಗ್ವಾಡಿ ಆಚೆ ಈಕಿ ನೀರಾಗ ಅದ್ದಿಕೊಂಡು ತಿನ್ನತಿದ್ದಳು.

ನನ್ನ ಬಾಯಿಂದ 'ರಿ' ಬಿದ್ದು ಹೋತು.

"ಬಾಜೂಕ ಒಲಿ ಇಟ್ಟಕೊಂಡು ಹಿಂಗ ಹಸದು ಕುಂದ್ರಾಕ ನಾಚಿಕಿ ಬರೂದಿಲ್ಲೇನ ನಿನಗ?"

ಆಕೀನೂ ಬಿಡಲಿಲ್ಲ. "ಬಾಜೂಕ ಹಸದಾಕಿನ್ನ ಇಟ್ಟಕೊಂಡು, ಉಂಡೇನ ಅಂತ ನೀ ಒಂದಿನಾ ಕೇಳೀಯೇನ?"

ಕೊಪ್ಪಿ ಸರಿಮಾಡಿಕೊಂಡು ಬಂದುಬಿಟ್ಟೆ.

ನಿಜಾ ಹೇಳತೇನಿ, ಮರುಕಕ್ಕಿಂತ ಮೊದಲ ನನಗ ಬಂದದ್ದು ಮತ್ಸರಾನ. ಹಸದವರಿಗೆ ಹಾಕೋದು ನನ್ನ ಕೆಲಸ. ಆ ಕೆಲಸಾನೂ ಈಕಿ ಚುರುಮುರಿ ಹಿಡಕೊಂಡು ಮಾಡಿದ್ದಳು, ನನಗಿಂತ ಮೊದಲ. ನನ್ನ ಒಲಿ ಇರೋವಾಗ ಆ ಹುಡುಗ್ಯಾರು ಚುರುಮುರಿ ತಿನ್ನೋದಂದ್ರೇನು? ತೋರಿಸತೇನಿ ಈಕಿಗೆ ಅಂತ ಮರುದಿನ ಮುಂಜಾನೆ ರೂಪಾನ ಕರಕೊಂಡು ಪಾಟೀಲ ಸರ್ ಕಡೆ ಹೋದೆ. ಒಲಿ ಮಧ್ಯಾಹ್ನಾನ ಹಚ್ಚತೇನಿ, ಹೊತ್ತು ಮುಳುಗೋದ್ರೊಳಗ ಒಂದು ಪಂಕ್ತಿ ಊಟಾ ಹಾಕತೇನಿ, ಪರವಾನಗಿ ಕೊಡ್ರಿ ಅಂದೆ.

"ಯಾರೂ ಕೇಳಿಲ್ಲಲ್ಲರಿ" ಅಂದರು ಅವರು.

ರೂಪಾ ಮೆಲ್ಲಕ, "ಸರ್, ನಾವು ಉಂಡವರಿಗಷ್ಟ ಕೇಳಾಕತ್ತೇವ್ರಿ. ಉಣ್ಣದವರನ್ನ ಕೇಳೂದ ಹೆಂಗ?" ಅಂದಳು.

ಸರ್ ಖುರ್ಚಿಗೆ ಒರಗಿದರು. "ಮಳಗಾಲದಾಗ ಸಂಜಿ ಊಟಕ್ಕ ಮಂದಿ ಯಾಕ ಇಳೀತೈತಿ ಅಂತ ನಾನೂ ತಲಿ ಕೆರಕೊಂಡಿದ್ದೆ ನೋಡು. ಮಳಿಗೆ ಹೊರಗ ಬರೂದಿಲ್ಲ ಅಂತ ತಿಳದಿದ್ದೆ. ಆತು, ದಸರೆ ತನಕಾ ಮಾಡಿ ನೋಡ್ರಿ. ಹಾಸ್ಟೇಲಿನವರಿಗೆ ನಾ ಹೇಳತೇನಿ."

ಮೊದಲನೇ ದಿನ ನಾ ಮಾಡಿದ ಅಡಗಿ ಕೇಳ್ರಿ. ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ, ಬಟಾಟಿ ಇಲ್ಲ. ಹೊಸಾ ಪಾತೇಲಿ, ಅರಿವ್ಯಾಗ ಸೋಸಿದ ನೀರು. ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಅದರ ಜೋಡಿ ಹಸಿರು ಹಸಿರು ಮೆಂತ್ಯಾ ಪಲ್ಯೆ. ಮಳಗಾಲದ ಎಳೀ ಮೆಂತ್ಯಾ, ಕುಸುಬಿ ಎಣ್ಣ್ಯಾಗ ಒಗ್ಗರಣಿ. ಹುಡುಗ್ಯಾರು ಬಂದು ಕುಂತರು. ರೊಟ್ಟಿ ಮುರದರು, ಚಟ್ನಿ ಹಚ್ಚಿಕೊಂಡರು. ಪಲ್ಯೆ ಮಾತ್ರ ತಾಟಿನ ಅಂಚಿಗೆ ಹಂಗ ಕುಂತಿತ್ತು. ಯಾರೂ ಮುಟ್ಟವಲ್ಲರು, ಒಬ್ಬರ ಮುಖಾ ಒಬ್ಬರು ನೋಡವರು.

ಕಿಡಿಕಿಯಿಂದ ಚಂಪಾಬಾಯಿ ದನಿ ಬಂತು. "ಶಾಂತವ್ವಾ, ಚಾತುರ್ಮಾಸದಾಗ ತಪ್ಪಲ ಪಲ್ಯೆ ನಡಿಯೂದಿಲ್ಲ ಬೇ. ಎಲ್ಯಾಗ ಹುಳ ಇರತಾವಂತ ಬಿಟ್ಟಿರತೇವಿ."

"ಮೊದಲ ಹೇಳಾಕ ಏನಾಗಿತ್ತ ನಿನಗ?"

"ನೀ ಕೇಳಿದ್ರ ಹೇಳತಿದ್ದೆ."

ಹಿಂಗ ಆಕಿ ಎರಡನೇ ಸಲಾನೂ ನನ್ನ ಕೆಡವಿದಳು. ಅವತ್ತ ಆ ಮೆಂತ್ಯಾ ಪಲ್ಯೆ ರಾತ್ರಿ ಪಂಕ್ತಿಯವರಿಗೆ ಹೋತು. ಮರುದಿನ ಮುಂಜಾನೆ ನಾ ಹಲ್ಲು ಕಡಕೋತ ಕಿಡಿಕಿ ಮುಂದ ಹೋಗಿ ನಿಂತು ಕೇಳಿದೆ, ಏನು ನಡೀತೈತಿ, ಏನು ನಡಿಯೂದಿಲ್ಲ. ಆಕಿ ಹೇಳಿದಳು. ಹೆಸರಕಾಳು, ಮಡಕಿಕಾಳು, ಹೀರಿಕಾಯಿ, ಸೌತಿಕಾಯಿ, ಬ್ಯಾಳಿ, ಕಡ್ಲಿಹಿಟ್ಟಿನ ಝುಣಕಾ. ನಾ ಬರಕೊಳ್ಳಲಿಲ್ಲ. ವೈರಿ ಹೇಳಿದ ಮಾತು ಮರಿಯೂದಿಲ್ಲ.

ಇನ್ನೊಂದು ತೊಡಕಿತ್ತು. ಆ ಮೋಡದಾಗ ಹೊತ್ತು ಮುಳುಗಿತೋ ಇಲ್ಲೋ ಯಾರಿಗೆ ಗೊತ್ತಾಗಬೇಕು? ಮಧ್ಯಾಹ್ನಾನ ಕತ್ತಲ ಇರತಿತ್ತು. ಅಂಗಡ್ಯಾಗ ಚಂಪಾಬಾಯಿ ಪಂಚಾಂಗ ತೂಗಹಾಕಿದ್ದಳು, ಅದರಾಗ ಸೂರ್ಯ ಮುಳುಗೋ ಟೈಮು ಇರತಿತ್ತು. ಅದನ್ನ ನೋಡಿಕೊಂಡು ಆಕಿ ದಿನಾ ಕಿಡಿಕಿಯಿಂದ ಕೂಗಾಕ ಸುರು ಮಾಡಿದಳು, "ಶಾಂತವ್ವಾ, ಹೊತ್ತಾತು!" ಕೂಗು ಬಿದ್ದ ಕೂಡ್ಲೆ ಹುಡುಗ್ಯಾರು ಕೈ ತೊಳಕೊಂಡು ಏಳವರು. ನನ್ನ ಕೈಯಾಗ ಬಿಸಿ ರೊಟ್ಟಿ, ತಾಟಿನ ಮ್ಯಾಲ ನಿಂತ ಕೈ, ಹಂಗ ನಿಲ್ಲಬೇಕು.

"ಇನ್ನೂ ಬೆಳಕ ಐತೆಲ್ಲ ಬೇ! ಒಂದ ರೊಟ್ಟಿ!"

"ಬೆಳಕ ಇದ್ರ ಇರಲಿ. ಹೊತ್ತ ಮುಳುಗೇತಿ. ಕೈ ತಗಿ."

ಸಾಕು ಅಂದವರಿಗೆ ಜೀವಮಾನದಾಗ ಬಿಟ್ಟಾಕಿ ಅಲ್ಲ ನಾ. ನನ್ನ ಗಂಡಗೂ ಬಿಟ್ಟಿರಲಿಲ್ಲ. ಆಕಿ ಒಂದು ಕೂಗಿಗೆ ನನ್ನ ಕೈ ನಿಂತಿತು. ನಿಂತು ನಿಂತು ಅದಕ್ಕ ರೂಢೀನೂ ಆತು. ರಾತ್ರಿ ಪಂಕ್ತ್ಯಾಗ ಯಾರರ ಸಾಕು ಅಂದ್ರ ಅಲ್ಲೂ ನಿಲ್ಲಾಕ ಹತ್ತಿತು. "ಆಯಿ ಸಾಕು ಅಂದ್ರ ಬಿಡಾಕತ್ತಾಳ" ಅಂತ ಹುಡುಗರು ಮೊಬೈಲದಾಗ ಬರದರಂತ. ಅದಕ್ಕ ನಾಕು ಚುಕ್ಕಿ!

ಚಂಪಾಬಾಯಿ ತಾಟು ನಾನ ಒಯ್ಯತಿದ್ದೆ. ಪಂಕ್ತಿಗೆ ಮೊದಲ, ಕಿಡಿಕಿಗೆ. ಮೆತ್ತಗಿನ ರೊಟ್ಟಿ, ಮ್ಯಾಲೊಂದಿಷ್ಟು ತುಪ್ಪ. ಆಕಿ ಮೊದಲನೇ ತುತ್ತು ಅಗಿಯೋತನಕ ಅಲ್ಲೇ ನಿಂದರತಿದ್ದೆ.

"ಹೆಂಗೈತಿ?"

ಆಕಿ ಸಾವಕಾಶ ಅಗೀತಿದ್ದಳು. ನುಂಗತಿದ್ದಳು. ನೀರು ಕುಡೀತಿದ್ದಳು. ಆಮ್ಯಾಲ, "ಅಡ್ಡಿಯಿಲ್ಲ."

ಅಡ್ಡಿಯಿಲ್ಲ! ಅಷ್ಟಕ್ಕ ಮರುದಿನ ನಾ ಬ್ಯಾಳಿಗೆ ಇನ್ನಷ್ಟು ಕೊಬ್ರಿ ಹಾಕತಿದ್ದೆ. "ಹೆಂಗೈತಿ?" "ಅಡ್ಡಿಯಿಲ್ಲ." ಅದರ ಮರುದಿನ ಝುಣಕಾಕ್ಕ ಕೈ ಹಚ್ಚತಿದ್ದೆ. ಮಾದೇವಿ, "ಅತ್ತಿ, ನೀ ಯುನಿವರ್ಸಿಟಿಗೆ ಅಡಗಿ ಮಾಡಾಕತ್ತೀಯೋ, ಚಂಪಾಬಾಯಿಗೋ?" ಅಂತ ಕೇಳಿದಳು. "ಸುಮ್ಮನ ತಿಕ್ಕು" ಅಂದೆ.

ಪಂಕ್ತಿ ಬೆಳೀತು. ಮೊದಲ ಜೈನರ ಹುಡುಗ್ಯಾರು, ಅವರ ಹಿಂದ ಹುಡುಗರು. ಆಮ್ಯಾಲ ಕ್ಲಾಸು ಬಿಟ್ಟ ಕೂಡ್ಲೆ ಹಸಿವಾಗತೈತಿ ಅಂತ ಅಥಣಿ, ರಾಯಬಾಗದ ಎಲ್ಲಾ ಜಾತಿ ಹುಡುಗರೂ ಬರಾಕ ಹತ್ತಿದರು. ಪ್ರೊಫೆಸರ ಬಾಯಾರೂ ಡಬ್ಬಿ ತರಾಕ ಹತ್ತಿದರು. ರೂಪಾ ದಿನಾ ಓದಿ ಹೇಳತಿದ್ದಳು. ನಾ ಕಿವಿ ತಗದು ಕುಂದ್ರತಿದ್ದೆ.

"'ಹೊತ್ತ ಮುಳುಗೋದ್ರೊಳಗ ಬಿಸಿ ಊಟ ಸಿಗತೈತಿ. ಮಾವಶಿಗೆ ಧನ್ಯವಾದ.' ಐದು."

"ಯಾರಿಗೆ?"

"'ಮಾವಶಿ ವ್ಯವಸ್ಥಾ ಮಸ್ತ.' ಐದು."

ಕೇಳ್ರಿ ಇದನ್ನ! ಬೆಂಕಿ ಮುಂದ ಕುಂತಾಕಿ ನಾನು. ಕೈಗೆ ಗುಳ್ಳಿ ಎದ್ದದ್ದು ನಂದು. ಆಕಿ ಕಿಡಿಕ್ಯಾಗ ಕುಂತು 'ಹೊತ್ತಾತು' ಅಂತ ಒಂದು ಮಾತು ಒದರಿದ್ದಕ್ಕ ಧನ್ಯವಾದ! ರೂಪಾ ನಕ್ಕು ನಕ್ಕು ಸಾಯಾಕತ್ತಿದ್ದಳು. "ಚುಕ್ಕಿ ಕ್ಯಾಂಟೀನಿಂದ ಆಯಿ, ಹೆಸರಷ್ಟ ಆಕೀದು" ಅಂದಳು. "ಹೆಸರೂ ನಂದ ಬೇಕು" ಅಂದೆ.

ದಸರೆಗೆ ಮೊದಲಿನ ಶನಿವಾರ ಪಾಟೀಲ ಸರ್ ಎಲ್ಲಾರನೂ ಕರದರು. ನಾ ಒಲಿಗೆ ಒಂದು ಹೂವು ಏರಿಸಿ ಹೋಗಿದ್ದೆ. ರೂಪಾ ನನ್ನ ಕೈ ಹಿಡಕೊಂಡು ನಿಂತಿದ್ದಳು. ಸರ್ ಕಾಗದ ನೋಡಲಿಲ್ಲ, ನನ್ನ ಮುಖಾ ನೋಡಿದರು. "ಶಾಂತವ್ವಾರ, ಬೆಳಗಾಂವದವರಿಗೆ ಬ್ಯಾಡಂತ ಹೇಳೇವಿ. ಒಲಿ ಇಲ್ಲೇ ಇರತೈತಿ" ಅಂದರು. ಮೊಮ್ಮಗಳು ಅಲ್ಲೇ ಎಲ್ಲಾರ ಮುಂದ ನನ್ನ ಎತ್ತಿ ಗರಗರ ತಿರುಗಿಸಿದಳು. ಸೆರಗು ಒಂದು ಕಡೆ, ಚಪ್ಪಲಿ ಒಂದು ಕಡೆ. ಇನ್ನೂ ಎರಡು ವರ್ಷ ಆಕಿ ನನ್ನ ಕಣ್ಣ ಮುಂದ ಉಣ್ಣತಾಳ. ನನಗ ಮುಗಲು ಕೈಗೆ ಹತ್ತಿತ್ತು.

ಆವಾಗ ಸರ್ ನಗಕೋತ, "ಅಂಗಡಿ ಬಾಯಾರೂ ಚುಕ್ಕಿ ಕೊಟ್ಟಾರರಿ ನಿಮಗ, ನಾಕು" ಅಂದರು.

"ನಾಕ?" ಮುಗಲಿಂದ ಕೆಳಗ ಬಿದ್ದೆ. "ತುಪ್ಪಾ ಹಾಕಿ ಕೊಟ್ಟೇನಿ, ನಾಕ?"

ಚಂಪಾಬಾಯಿ ಸೆರಗಿನಾಗ ಬಾಯಿ ಮುಚ್ಚಿಕೊಂಡು ಮುಗಲು ನೋಡಾಕತ್ತಿದ್ದಳು. ಆಕಿ ಮೊಬೈಲ ನೋಡೇ ಗೊತ್ತಿಲ್ಲ, ರೂಪಾನ ಕೈಲೆ ಒತ್ತಿಸ್ಯಾಳಂತ. ನನ್ನ ಮೊಮ್ಮಗಳ ಬೆರಳಿನಿಂದ ನನಗ ನಾಕು ಚುಕ್ಕಿ!

ಅಂದಿನಿಂದ ಒಲಿ ಬಿಡೋ ದಿನದ ತನಕ ಆ ಐದನೇದಕ್ಕ ದಿನಾ ಕಿಡಿಕಿಗೆ ಹೋದೆ. ಚಾತುರ್ಮಾಸ ಮುಗೀತು, ಚಳಿ ಬಂತು, ಬ್ಯಾಸಗಿ ಬಂತು, ಮತ್ತ ಮಳಿ ಬಂತು. ಆಕಿ ಮುಗದ ನೇಮಾನ ಮುಂದುವರಿಸಿದಳು, ನಾನೂ ತಾಟು ಮುಂದುವರಿಸಿದೆ. ಹೆಂಗೈತಿ? ಅಡ್ಡಿಯಿಲ್ಲ. ಅದರಾಚೆ ಒಂದು ಅಕ್ಷರ ದಾಟಲಿಲ್ಲ ಹೆಣಮಗಳು.

ಮೊನ್ನೆ ಆ ವಾಸನಿ ಹಿಡಕೊಂಡು ಕ್ಯಾಂಟೀನಿಗೆ ಹೋದ್ನಲ್ಲ, ನನ್ನ ದಾಟಿ ಮುಂದ ಓಡಿದಾಕಿ ರೂಪಾ, ಗೌನು ಹಾರಸಕೋತ. ಕ್ಯಾಂಟೀನು ದಾಟಿ ಸೀದಾ ಅಂಗಡಿಗೆ ಹೋಗಿ ಚಂಪಾಬಾಯಿ ಕಾಲಿಗೆ ಬಿದ್ದಳು. ನನಗ ಮುಂಜಾನೇನ ಬಿದ್ದಿದ್ದಳು, ಅದು ಖರೆ. ಆದ್ರ ಈ ಗೌನು ಟೊಪಿಗಿ ಹಾಕ್ಕೊಂಡು ಮೊದಲ ಬಿದ್ದದ್ದು ಆಕಿ ಕಾಲಿಗೆ. ಹಳೇ ಮೆಣಸಿನಕಾಯಿ ಮತ್ತ ಹೊಟ್ಟ್ಯಾಗ ಅರದಂಗ ಆತು. ಖುಷೀನೂ ಹಂಗ ಉಕ್ಕಾಕತ್ತಿತ್ತು. ಎರಡಕ್ಕೂ ಒಂದ ಹೊಟ್ಟಿ ನೋಡ್ರಿ.

ಚಂಪಾಬಾಯಿ ಮುಂದ ತಾಟಿತ್ತು. ಮಾದೇವಿ ಕೊಟ್ಟಿದ್ದಳು. ನಾ ಕಿಡಿಕಿಗೆ ಕೈ ಊರಿ, ರೊಟ್ಟಿ ಅಂಚು ನೋಡಿದೆ. ಸ್ವಲ್ಪ ದಪ್ಪ ಇತ್ತು. ಸಮಾಧಾನ ಆತು.

"ಹೆಂ‌ಗೈತಿ ನಮ್ಮ ಸೊಸಿ ಅಡಗಿ?"

"ಆಕಿಗೆ ಐದೂ ಕೊಟ್ಟೇನಿ" ಅಂದಳು, ಬ್ಯಾಳಿ ಅದ್ದಕೋತ.

"ಐದ! ಈ ದಪ್ಪನ್ನ ರೊಟ್ಟಿಗೆ? ಮತ್ತ ನನಗ?"

ಆಕಿ ತುತ್ತು ನುಂಗಿದಳು. ನೀರು ಕುಡದಳು. ನನ್ನ ಕಡೆ ನೋಡಲಿಲ್ಲ, ರೂಪಾನ ಟೊಪಿಗಿ ಗೊಂಡೆ ಸರಿ ಮಾಡಕೋತ ಅಂದಳು, "ಐದು ಕೊಟ್ಟ ಮುಗಿಸಿದೆ ಆಕೀದು. ಹೆಂಗಾಗೇತಿ ಅಂತ ಕೇಳಾಕ ಆಕಿ ಬರೂದಿಲ್ಲ. ತಾಟು ಕಳಸತಾಳ. ನಿಂದು ಮುಗಿಸಿದ್ರ ನೀ ಬರತಿದ್ದೇನ?"

ಇಳಕಲ್ಲ ಸೀರಿ ಮ್ಯಾಲ ಸಿಗಿಸಿ, ಮೊಣಕಾಲು ಹಿಡಕೊಂಡು ಒಲಿ ಮುಂದ ಕುಂತೆ. "ಅತ್ತೀ, ಹೊಸಾ ಸೀರಿ!" ಅಂತ ಮಾದೇವಿ ಒದರಿದಳು. ಹಿಟ್ಟು ನಾದಿದೆ. ತೆಳ್ಳಗ, ಸೀರಿ ಸೆರಗಿನಂಗ ತೆಳ್ಳಗ ಬಡದೆ. ಹಂಚಿನ ಮ್ಯಾಲ ಅದು ಪೂರಾ ಉಬ್ಬಿತು. ತುಪ್ಪಾ ಸವರಿ, ರೂಪಾನ ಕೈ ಹಿಡಕೊಂಡು ಎದ್ದು, ಕುಂಟಕೋತ ಕಿಡಿಕಿಗೆ ಒಯ್ದೆ. ಮೋಡದ ಸಂದಿನಾಗ ಇನ್ನೂ ಒಂದು ಕೆಂಪು ಅಂಚು ಇತ್ತು.

ಚಂಪಾಬಾಯಿ ಪಂಚಾಂಗ ನೋಡಿದಳು, ಗಡಿಯಾರ ನೋಡಿದಳು. ಒಂದು ತುತ್ತು ಮುರದು ಬಾಯಿಗೆ ಹಾಕ್ಕೊಂಡಳು. ಸಾವಕಾಶ ಅಗದಳು.

"ಹೆಂಗೈತಿ?"

ಆಕಿ ನುಂಗಿದಳು, ನೀರು ಕುಡದಳು.

"ಅಡ್ಡಿಯಿಲ್ಲ" ಅಂದಳು ಚಂಪಾಬಾಯಿ. "ನಾಳೆ ಬಾ."